ಹೆಸರು ಸಿಗದಿದ್ದಾಗ: ಡಿಎನ್‌ಎಸ್ ತೊಂದರೆಗಳ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು: ಸಂಪರ್ಕ ಇದೆ, ಸಿಗ್ನಲ್ ಇದೆ, ಆದರೆ ಸೈಟಿನ ಹೆಸರು ಕೊಟ್ಟರೆ ಕಂಪ್ಯೂಟರ್‌ಗೆ ಅದರ ವಿಳಾಸ ಸಿಗುವುದಿಲ್ಲ. ಹಾಗಾಗಿ ಇಡೀ ಅಂಕಣವನ್ನು ಡಿಎನ್‌ಎಸ್‌ಗೇ, ಅಂದರೆ ಹೆಸರು ಕೊಟ್ಟರೆ ಅಂಕಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೇ, ಬಿಟ್ಟುಕೊಟ್ಟಿದ್ದೇವೆ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇವೆ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವೈಫೈ ಸೇರಿದೆ ಎಂದೇ ತೋರಿಸುತ್ತದೆ. ಆದರೆ ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ‘ಡಿಎನ್‌ಎಸ್ ಪ್ರೋಬ್ ಫಿನಿಶ್ಡ್’ ಎಂದು ಶುರುವಾಗುವ ಸಂದೇಶ ಬರುತ್ತದೆ. ಇದು ಡಿಎನ್‌ಎಸ್ ತೊಂದರೆಯೋ, ಇಂಟರ್ನೆಟ್ಟೇ ಇಲ್ಲವೋ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆಳಗಿನ ಮೆಟ್ಟಿಲಿನಿಂದ ಹತ್ತುತ್ತಾ ಬನ್ನಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಡಿ. ವೈಫೈ ಅಡಾಪ್ಟರ್‌ನ ಭಾಗದಲ್ಲಿ ಮೂರು ಸಾಲು ನೋಡಿದರೆ ಸಾಕು: ಐಪಿವಿ4 ಅಡ್ರೆಸ್, ಡೀಫಾಲ್ಟ್ ಗೇಟ್‌ವೇ, ಡಿಎನ್‌ಎಸ್ ಸರ್ವರ್ಸ್. ವಿಳಾಸ 169.254 ಎಂದು ಶುರುವಾಗಿದ್ದರೆ ಡಿಎನ್‌ಎಸ್ ಮಾತು ಸದ್ಯಕ್ಕೆ ಬಿಡಿ. ಡಿಎಚ್‌ಸಿಪಿಯಿಂದ, ಅಂದರೆ ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆಯಿಂದ, ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ‘ಐಪಿಕಾನ್ಫಿಗ್ /ರಿಲೀಸ್’, ಆಮೇಲೆ ‘ಐಪಿಕಾನ್ಫಿಗ್ /ರಿನ್ಯೂ’ ಕೊಟ್ಟು ನೋಡಿ. ಆಗಲೂ ಬಾರದಿದ್ದರೆ ತೊಂದರೆ ರೂಟರ್‌ನದು ಅಥವಾ ವೈಫೈ ಕೊಂಡಿಯದು.

ವಿಳಾಸ ಸರಿಯಿದ್ದರೆ ಗೇಟ್‌ವೇಯನ್ನು (ಮನೆಯಲ್ಲಿ ಅದು ರೂಟರ್) ಪಿಂಗ್ ಮಾಡಿ, ಅಂದರೆ ‘ಪಿಂಗ್’ ಎಂದು ಬರೆದು ಅದರ ವಿಳಾಸ ಕೊಟ್ಟು ಉತ್ತರ ಬರುತ್ತದೆಯೇ ನೋಡಿ, ಆಮೇಲೆ ಹೊರಗಿನ ಒಂದು ಅಂಕಿ ವಿಳಾಸವನ್ನು, ಉದಾಹರಣೆಗೆ 1.1.1.1 ಅಥವಾ 8.8.8.8. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಅದು ಡಿಎನ್‌ಎಸ್ಸೇ. ಕೆಲವು ನೆಟ್‌ವರ್ಕ್‌ಗಳು ಪಿಂಗನ್ನೇ ತಡೆಯುತ್ತವೆ, ಆದ್ದರಿಂದ ಪಿಂಗ್ ಸೋತ ಕೂಡಲೇ ಇಂಟರ್ನೆಟ್ ಇಲ್ಲವೆಂದು ತೀರ್ಮಾನಿಸಬೇಡಿ. ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್ 1.1.1.1 -ಪೋರ್ಟ್ 443’ ಕೊಟ್ಟು, ಟಿಸಿಪಿ ಪರೀಕ್ಷೆಯ ಸಾಲಿನಲ್ಲಿ ‘ಟ್ರೂ’ ಬಂದರೆ ಹೊರದಾರಿ ತೆರೆದಿದೆ.

ಈಗ ಮುಖ್ಯ ಪರೀಕ್ಷೆ. ‘ಎನ್‌ಎಸ್‌ಲುಕಪ್ ಎಕ್ಸಾಂಪಲ್.ಕಾಮ್.’ ಎಂದು ಕೊಡಿ. ಕೊನೆಯ ಚುಕ್ಕಿ ಮುದ್ರಣದೋಷವಲ್ಲ, ಅದನ್ನೂ ಟೈಪ್ ಮಾಡಬೇಕು. ಚುಕ್ಕಿ ಇಲ್ಲದಿದ್ದರೆ ನಿಮ್ಮ ನೆಟ್‌ವರ್ಕ್‌ನ ಸಫಿಕ್ಸನ್ನು ಬಾಲವಾಗಿ ಅಂಟಿಸಿಯೂ ಹುಡುಕಾಟ ನಡೆಯಬಹುದು, ಫಲಿತಾಂಶ ಗೊಂದಲವಾಗುತ್ತದೆ. ಆಮೇಲೆ ಅದೇ ಪ್ರಶ್ನೆಯನ್ನು ಹೊರಗಿನ ಬೇರೆ ಡಿಎನ್‌ಎಸ್ ಸರ್ವರ್‌ಗೆ ಕೇಳಿ: ‘ಎನ್‌ಎಸ್‌ಲುಕಪ್ ಎಕ್ಸಾಂಪಲ್.ಕಾಮ್. 1.1.1.1’. ಎರಡರಲ್ಲೂ ಬಂದದ್ದನ್ನು ಅಕ್ಕಪಕ್ಕ ಇಟ್ಟು ಓದಿ.

ಓದುವುದರಲ್ಲೇ ಇಡೀ ವಿದ್ಯೆ ಇದೆ. ಉತ್ತರವೇ ಬಾರದಿರುವುದು ಒಂದು, ‘ಇಲ್ಲ’ ಎಂಬ ಉತ್ತರ ಬರುವುದು ಇನ್ನೊಂದು. ಇವೆರಡನ್ನು ಒಂದೇ ಎಂದುಕೊಂಡವರು ಕೆಡದೇ ಇರುವುದನ್ನು ರಿಪೇರಿ ಮಾಡುತ್ತಾ ಕೂರುತ್ತಾರೆ. ‘ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮ್‌ಔಟ್ ವಾಸ್ 2 ಸೆಕೆಂಡ್ಸ್’ ಎಂದು ಬಂದರೆ ಕೇಳಿದ ಸರ್ವರ್ ಮೌನವಾಗಿದೆ: ಅದು ನಿಂತಿರಬಹುದು, ದಾರಿಯಲ್ಲಿ ಫೈರ್‌ವಾಲ್ ಡಿಎನ್‌ಎಸ್ ಬಳಸುವ ಪೋರ್ಟ್ 53 ತಡೆದಿರಬಹುದು, ಸರ್ವರ್‌ನ ವಿಳಾಸವೇ ತಪ್ಪಾಗಿರಬಹುದು. ‘ನಾನ್ ಎಕ್ಸಿಸ್ಟೆಂಟ್ ಡೊಮೇನ್’, ಅಂದರೆ ಎನ್‌ಎಕ್ಸ್‌ಡೊಮೇನ್ ಬಂದರೆ ಸರ್ವರ್ ಚೆನ್ನಾಗಿಯೇ ಇದೆ, ಅಂಥ ಹೆಸರಿಲ್ಲ ಎಂದು ಹೇಳುತ್ತಿದೆ. ಅಕ್ಷರ ತಪ್ಪಿದೆಯೇ, ಹೆಸರಿನ ನೋಂದಣಿ ಮುಗಿದಿದೆಯೇ, ಅಥವಾ ಕೇಳಬಾರದ ಸರ್ವರ್‌ಗೆ ಕೇಳಿದ್ದೀರಾ ಎಂದು ನೋಡಬೇಕು. ‘ಸರ್ವರ್ ಫೇಲ್ಡ್’, ಅಂದರೆ ಸರ್ವ್‌ಫೇಲ್ ಬಂದರೆ ನಿಮ್ಮ ಸರ್ವರ್ ಎದ್ದಿದೆ, ಅದಕ್ಕೆ ಮುಂದಿನವರಿಂದ ನಂಬುವಂಥ ಉತ್ತರ ಸಿಕ್ಕಿಲ್ಲ. ‘ರಿಫ್ಯೂಸ್ಡ್’ ಎಂದರೆ ನಿಮಗೆ ಉತ್ತರಿಸುವುದಿಲ್ಲ ಎಂದು ಸರ್ವರ್ ನೇರವಾಗಿ ನಿರಾಕರಿಸಿದೆ. ಹೊರಗಿನ ನೆಟ್‌ವರ್ಕ್‌ನಿಂದ ಒಂದು ಸಂಸ್ಥೆಯ ಒಳ ಸರ್ವರ್‌ಗೆ ಕೇಳಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ.

ಮನೆಗಳಲ್ಲಿ ಡಿಎನ್‌ಎಸ್ ಸರ್ವರ್ ಸಾಮಾನ್ಯವಾಗಿ ರೂಟರೇ. ಅದು ಮೌನವಾಗಿದ್ದು 1.1.1.1 ಉತ್ತರಿಸಿದರೆ ಮೊದಲು ರೂಟರನ್ನು ಆಫ್ ಮಾಡಿ ಆನ್ ಮಾಡಿ. ಮತ್ತೆ ಮತ್ತೆ ಹಾಗೇ ಆಗುತ್ತಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ಎಂದು ಹೋಗಿ ‘ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್’ ಮುಂದಿನ ಎಡಿಟ್ ಒತ್ತಿ ಬೇರೆ ಸರ್ವರ್ ಹಾಕಬಹುದು. ಇಲ್ಲಿ ಹಲವರು ಎಡವುತ್ತಾರೆ: ಐಪಿವಿ4ಕ್ಕೆ ಮಾತ್ರ ಹಾಕಿ ಐಪಿವಿ6 ಮರೆಯುತ್ತಾರೆ. ರೂಟರ್ ಐಪಿವಿ6 ಮೂಲಕವೂ ತನ್ನ ಡಿಎನ್‌ಎಸ್ ವಿಳಾಸ ಹಂಚುತ್ತಿದ್ದರೆ ಕಂಪ್ಯೂಟರ್ ಆ ಹಳೆಯ ಸರ್ವರನ್ನೇ ಕೇಳುತ್ತಿರಬಹುದು. ಎನ್‌ಎಸ್‌ಲುಕಪ್‌ನ ಎರಡನೇ ಸಾಲಿನಲ್ಲಿ ಎಫ್‌ಇ80 ಎಂದು ಶುರುವಾಗುವ ವಿಳಾಸ ಕಂಡರೆ ಆಗಿರುವುದು ಅದೇ.

ಹೋಟೆಲು, ನಿಲ್ದಾಣಗಳ ಉಚಿತ ವೈಫೈಯಲ್ಲಿ ಲಾಗಿನ್ ಪುಟ ಬರುವ ಮೊದಲು ಡಿಎನ್‌ಎಸ್ ಬದಲಿಸಬೇಡಿ. ಆ ಪುಟಕ್ಕೆ ಕರೆದೊಯ್ಯುವ ಕೆಲಸವನ್ನು ಎಷ್ಟೋ ಕಡೆ ಅಲ್ಲಿನ ಡಿಎನ್‌ಎಸ್ಸೇ ಮಾಡುತ್ತದೆ.

ಪ್ರಶ್ನೆ: ಎನ್‌ಎಸ್‌ಲುಕಪ್‌ನಲ್ಲಿ ‘ಸರ್ವರ್: ಅನ್‌ನೋನ್’ ಎಂದು ಬರುತ್ತದೆ. ಇದೇ ದೋಷವೇ?

ಉತ್ತರ: ಅಲ್ಲ. ಎನ್‌ಎಸ್‌ಲುಕಪ್ ಶುರುವಾಗುವಾಗ ತಾನು ಕೇಳಲಿರುವ ಸರ್ವರ್‌ನ ಅಂಕಿ ವಿಳಾಸಕ್ಕೆ ಹೆಸರೇನೆಂದು ತಿರುಗುಮುರುಗಾಗಿ ಹುಡುಕುತ್ತದೆ. ಮನೆ ರೂಟರ್‌ನ ವಿಳಾಸಕ್ಕೆ ಅಂಥ ದಾಖಲೆ ಇಲ್ಲದಿದ್ದರೆ ‘ಅನ್‌ನೋನ್’ ಎನ್ನುತ್ತದೆ, ಅಷ್ಟೆ. ‘ನಾನ್ ಅಥಾರಿಟೇಟಿವ್ ಆನ್ಸರ್’ ಎಂಬುದೂ ದೋಷವಲ್ಲ: ಉತ್ತರ ಬಂದದ್ದು ಆ ಡೊಮೇನಿನ ಸ್ವಂತ ಸರ್ವರ್‌ನಿಂದಲ್ಲ, ನಡುವಿನ ಸರ್ವರ್‌ನಿಂದ ಎಂದರ್ಥ.

ಪ್ರಶ್ನೆ: ಎನ್‌ಎಸ್‌ಲುಕಪ್ ಸರಿಯಾದ ವಿಳಾಸ ಕೊಡುತ್ತದೆ. ಪಿಂಗ್ ಮಾಡಿದರೆ ಮಾತ್ರ ಬೇರೆಯೇ ವಿಳಾಸಕ್ಕೆ ಹೋಗುತ್ತದೆ, ಬ್ರೌಸರ್ ಕೂಡ ಅಲ್ಲಿಗೇ ಹೋಗುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಉತ್ತರ ಹೇಗೆ ಸಾಧ್ಯ?

ಉತ್ತರ: ಎರಡೂ ಬೇರೆ ಬೇರೆ ಕಡೆ ಕೇಳುತ್ತಿವೆ. ಎನ್‌ಎಸ್‌ಲುಕಪ್ ವಿಂಡೋಸ್‌ನ ಹೆಸರು ಹುಡುಕುವ ವ್ಯವಸ್ಥೆಯನ್ನು ಪಕ್ಕಕ್ಕಿಟ್ಟು ತಾನೇ ನೇರವಾಗಿ ಡಿಎನ್‌ಎಸ್ ಸರ್ವರ್ ಜೊತೆ ಮಾತಾಡುತ್ತದೆ. ಕಂಪ್ಯೂಟರ್‌ನಲ್ಲೇ ಹೆಸರು, ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲನ್ನೂ ನೋಡುವುದಿಲ್ಲ, ಹಿಂದೆ ಬಂದ ಉತ್ತರಗಳನ್ನು ಇಟ್ಟುಕೊಳ್ಳುವ ಕ್ಯಾಶನ್ನೂ ನೋಡುವುದಿಲ್ಲ. ಪಿಂಗ್ ಮತ್ತು ಉಳಿದ ಪ್ರೋಗ್ರಾಂಗಳು ವಿಂಡೋಸನ್ನು ಕೇಳುತ್ತವೆ. ವಿಂಡೋಸ್ ಮೊದಲು ಕ್ಯಾಶ್ ಮತ್ತು ಹೋಸ್ಟ್ಸ್ ಫೈಲ್ ನೋಡಿ, ಅಲ್ಲಿ ಇಲ್ಲದಿದ್ದರೆ ಮಾತ್ರ ಸರ್ವರ್‌ಗೆ ಹೋಗುತ್ತದೆ. ಆದ್ದರಿಂದ ‘ಎನ್‌ಎಸ್‌ಲುಕಪ್‌ನಲ್ಲಿ ಸರಿ ಇದೆ, ಹಾಗಾಗಿ ಕಂಪ್ಯೂಟರ್ ಸರಿ ಇದೆ’ ಎಂಬ ತರ್ಕ ನಿಲ್ಲುವುದಿಲ್ಲ. ಕಂಪ್ಯೂಟರ್ ನಿಜವಾಗಿ ಏನು ನಂಬಿದೆ ಎಂದು ತಿಳಿಯಲು ಪವರ್‌ಶೆಲ್‌ನ ‘ರಿಸಾಲ್ವ್-ಡಿಎನ್‌ಎಸ್‌ನೇಮ್’ ಬಳಸಿ. ಅದಕ್ಕೆ ‘-ನೋಹೋಸ್ಟ್ಸ್‌ಫೈಲ್’ ಸೇರಿಸಿದಾಗ ಉತ್ತರ ಬದಲಾದರೆ ಕಳ್ಳ ಹೋಸ್ಟ್ಸ್ ಫೈಲಿನಲ್ಲಿದ್ದಾನೆ.

ಆ ಫೈಲ್ ಇರುವುದು ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್‌ನಲ್ಲಿ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆಮೇಲೆ ಫೈಲ್ ತೆರೆಯಿರಿ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲುಗಳು ಬರೀ ಟಿಪ್ಪಣಿ. ಗುರುತಿಲ್ಲದ ಸಾಲಿನಲ್ಲಿ ನಿಮ್ಮ ಸೈಟಿನ ಹೆಸರಿದ್ದರೆ ಅದರ ಮುಂದೆ ಹ್ಯಾಶ್ ಹಾಕಿ ಉಳಿಸಿ. ಯಾರೋ ಯಾವಾಗಲೋ ಹೊಸ ಸರ್ವರ್ ಪರೀಕ್ಷಿಸಲು ಬರೆದಿಟ್ಟು ಮರೆತ ಸಾಲೇ ಸಾಮಾನ್ಯವಾಗಿ ಸಿಗುತ್ತದೆ. ಬ್ಯಾಂಕಿನದೋ ಆಂಟಿವೈರಸ್‌ನದೋ ಹೆಸರು ಅಲ್ಲಿದ್ದರೆ ಅದು ಮರೆವಲ್ಲ, ಕಂಪ್ಯೂಟರನ್ನು ಮಾಲ್‌ವೇರ್‌ಗಾಗಿ ತಪಾಸಣೆ ಮಾಡಿಸಿ. ಇದಕ್ಕೆ ತಿರುಗಾಮುರುಗ ತೊಂದರೆಯೂ ಉಂಟು: ಬರೆದ ಸಾಲು ಕೆಲಸವನ್ನೇ ಮಾಡುವುದಿಲ್ಲ. ಆಗ ಎಕ್ಸ್‌ಪ್ಲೋರರ್‌ನಲ್ಲಿ ಫೈಲಿನ ಎಕ್ಸ್‌ಟೆನ್ಷನ್ ತೋರುವಂತೆ ಮಾಡಿ ನೋಡಿ. ನೋಟ್‌ಪ್ಯಾಡ್ ಅದನ್ನು ‘ಹೋಸ್ಟ್ಸ್.ಟಿಎಕ್ಸ್‌ಟಿ’ ಎಂದು ಉಳಿಸಿರುತ್ತದೆ. ಹೋಸ್ಟ್ಸ್ ಫೈಲಿಗೆ ಎಕ್ಸ್‌ಟೆನ್ಷನ್ ಇರಲೇಬಾರದು.

ಕ್ಯಾಶ್‌ನಲ್ಲೇನಿದೆ ಎಂದು ‘ಐಪಿಕಾನ್ಫಿಗ್ /ಡಿಸ್‌ಪ್ಲೇಡಿಎನ್‌ಎಸ್’ ತೋರಿಸುತ್ತದೆ, ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಅದನ್ನು ಖಾಲಿ ಮಾಡುತ್ತದೆ. ಮ್ಯಾಕ್‌ನಲ್ಲಿ ‘ಸುಡೊ ಡಿಎಸ್‌ಕ್ಯಾಶ್‌ಯುಟಿಲ್ -ಫ್ಲಶ್‌ಕ್ಯಾಶ್’, ಅದರ ಬೆನ್ನಿಗೇ ‘ಸುಡೊ ಕಿಲ್‌ಆಲ್ -ಎಚ್‌ಯುಪಿ ಎಂಡಿಎನ್‌ಎಸ್‌ರೆಸ್ಪಾಂಡರ್’; ಇದರಲ್ಲಿ ಎಚ್‌ಯುಪಿ ಪೂರ್ತಿ ದೊಡ್ಡಕ್ಷರ, ಕೊನೆಯ ಪದದ ಮೊದಲ ಎಂ ಸಣ್ಣದು, ಡಿಎನ್‌ಎಸ್ ಮತ್ತು ಆರ್ ದೊಡ್ಡವು. ಕ್ರೋಮ್ ತನ್ನದೇ ಬೇರೆ ಕ್ಯಾಶ್ ಇಟ್ಟುಕೊಳ್ಳುತ್ತದೆ. ವಿಳಾಸಪಟ್ಟಿಯಲ್ಲಿ ‘ಕ್ರೋಮ್://ನೆಟ್-ಇಂಟರ್ನಲ್ಸ್/#ಡಿಎನ್‌ಎಸ್’ ಕೊಟ್ಟರೆ ಅದನ್ನು ಅಳಿಸುವ ಬಟನ್ ಸಿಗುತ್ತದೆ. ಫ್ಲಶ್ ಮಾಡಿದರೆ ಹಾನಿಯಿಲ್ಲ, ಆದರೆ ಅದರಿಂದ ಸರಿಹೋಗುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಕೂತ ಹಳೆಯ ಉತ್ತರ ಮಾತ್ರ. ರೂಟರ್‌ನಲ್ಲೋ ಅದರಾಚೆಯ ಸರ್ವರ್‌ನಲ್ಲೋ ಕೂತ ಹಳೆಯ ಉತ್ತರಕ್ಕೆ ಫ್ಲಶ್ ತಾಗುವುದೇ ಇಲ್ಲ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಒಳಗಿನ ಹೆಸರುಗಳಿಗೆ ಸ್ವಂತ ಡಿಎನ್‌ಎಸ್ ಸರ್ವರ್ ಇದೆ. ಅದು ಕೆಟ್ಟರೆ ಇರಲಿ ಎಂದು ಎಲ್ಲ ಕಂಪ್ಯೂಟರ್‌ಗಳಲ್ಲೂ ಎರಡನೆಯದಾಗಿ 8.8.8.8 ಹಾಕಿದ್ದೇವೆ. ಈಗ ಫೈಲ್ ಸರ್ವರ್‌ನ ಹೆಸರು ದಿನಕ್ಕೊಮ್ಮೆಯಾದರೂ ಯಾರಿಗೋ ಸಿಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಸರ್ವರ್ ಕೆಟ್ಟೇ ಇಲ್ಲ.

ಉತ್ತರ: ಕೆಡಿಸುತ್ತಿರುವುದು ಆ ಎರಡನೇ ಸಾಲು. ‘ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳುತ್ತದೆ’ ಎಂಬ ತಿಳಿವಳಿಕೆ ಬಹಳ ಹಬ್ಬಿದೆ, ಅದು ತಪ್ಪು. ಎರಡನೆಯ ಸರ್ವರ್‌ಗೆ ಸರದಿ ಬರುವುದು ಮೊದಲನೆಯದು ಸುಮ್ಮನಿದ್ದಾಗ. ಮೊದಲನೆಯದು ‘ಅಂಥ ಹೆಸರಿಲ್ಲ’ ಎಂದರೆ ಅದು ಪೂರ್ಣ ಉತ್ತರ, ಹುಡುಕಾಟ ಅಲ್ಲಿಗೆ ಮುಗಿಯಿತು.

ನಿಮ್ಮಲ್ಲಿ ಹೀಗಾಗುತ್ತಿದೆ: ಒಳ ಸರ್ವರ್ ಒಂದು ಗಳಿಗೆ ತಡಮಾಡುತ್ತದೆ, ಒಂದು ಪ್ಯಾಕೆಟ್ ಕಳೆದುಹೋದರೂ ಸಾಕು. ವಿಂಡೋಸ್ ಎರಡನೆಯದಕ್ಕೆ ತಿರುಗುತ್ತದೆ. ಹೊರಗಿನ ಸರ್ವರ್‌ಗೆ ನಿಮ್ಮ ಫೈಲ್ ಸರ್ವರ್ ಯಾರೆಂದೇ ತಿಳಿಯದು. ಅದು ಪ್ರಾಮಾಣಿಕವಾಗಿ ‘ಇಲ್ಲ’ ಎನ್ನುತ್ತದೆ. ವಿಂಡೋಸ್ ಆ ‘ಇಲ್ಲ’ವನ್ನು ನಂಬಿ ಕ್ಯಾಶ್‌ನಲ್ಲಿಟ್ಟುಕೊಳ್ಳುತ್ತದೆ. ಒಳ ಸರ್ವರ್ ಮರುಕ್ಷಣವೇ ಚೇತರಿಸಿಕೊಂಡರೂ ಆ ಕಂಪ್ಯೂಟರ್ ಎರಡನೆಯದರ ಜೊತೆಗೇ ಇನ್ನಷ್ಟು ಹೊತ್ತು ಮಾತಾಡುತ್ತಿರಬಹುದು. ನೀವು ನೋಡಲು ಹೋಗುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ.

ಒಂದು ಕಂಪ್ಯೂಟರ್‌ಗೆ ಕೊಡುವ ಎಲ್ಲ ಡಿಎನ್‌ಎಸ್ ಸರ್ವರ್‌ಗಳೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡುವಂತಿರಬೇಕು. ಡಿಎಚ್‌ಸಿಪಿ ಸೆಟ್ಟಿಂಗ್‌ನಿಂದ 8.8.8.8 ತೆಗೆಯಿರಿ. ಆಸರೆ ಬೇಕೆಂದರೆ ಎರಡನೇ ಒಳ ಸರ್ವರ್ ಇಡಿ, ಅದೇ ವಲಯದ, ಅಂದರೆ ಒಳ ಹೆಸರುಗಳ ದಾಖಲೆಗಳ, ಪ್ರತಿ ಅದರಲ್ಲಿಯೂ ಇರಲಿ. ಹೊರಗಿನ ಹೆಸರುಗಳಿಗಾಗಿ 8.8.8.8 ಅಥವಾ 9.9.9.9 ಅನ್ನು ಒಳ ಸರ್ವರ್‌ನ ಫಾರ್ವರ್ಡರ್ ಆಗಿ, ಅಂದರೆ ತನಗೆ ಗೊತ್ತಿಲ್ಲದ್ದನ್ನು ಅದು ಮುಂದೆ ಕೇಳುವ ಸರ್ವರ್ ಆಗಿ, ಹಾಕಿ. ಅದರ ಜಾಗ ಅಲ್ಲಿ. ಬದಲಾವಣೆ ಆದ ಮೇಲೆ ಪ್ರತಿ ಕಂಪ್ಯೂಟರ್‌ನಲ್ಲೂ ‘/ರಿನ್ಯೂ’, ‘/ಫ್ಲಶ್‌ಡಿಎನ್‌ಎಸ್’ ಎರಡೂ ಮಾಡಿ. ಕೈಯಾರೆ ವಿಳಾಸ ಹಾಕಿದ ಪ್ರಿಂಟರ್, ಸ್ಕ್ಯಾನರ್‌ಗಳಿದ್ದರೆ ಅವುಗಳಲ್ಲೂ ಬದಲಿಸಲು ಮರೆಯಬೇಡಿ, ಸ್ಕ್ಯಾನ್ ಮಾಡಿದ ಕಡತ ಫೋಲ್ಡರ್‌ಗೆ ಹೋಗದಿರಲು ಕಾರಣ ಎಷ್ಟೋ ಸಲ ಅದೇ.

ಪ್ರಶ್ನೆ: ಲಿನಕ್ಸ್ ಯಂತ್ರದಲ್ಲಿ ಎಲ್ಲವೂ ತೆರೆಯುತ್ತದೆ, ಆದರೆ ಪ್ರತಿ ಹೊಸ ಸೈಟಿಗೂ ಗಡಿಯಾರ ಹಿಡಿದಂತೆ 5 ಸೆಕೆಂಡ್ ಕಾಯಬೇಕು. ಆಮೇಲೆ ವೇಗವಾಗಿಯೇ ಇರುತ್ತದೆ.

ಉತ್ತರ: ಆ 5 ಎಂಬ ಅಂಕಿಯೇ ಸುಳಿವು. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳ ಪರವಾಗಿ ಹೆಸರು ಹುಡುಕುವ ಲೈಬ್ರರಿಯಾದ ಜಿಲಿಬ್‌ಸಿ ಒಂದು ಸರ್ವರ್‌ಗೆ ಕೇಳಿ ಸುಮ್ಮನೆ ಕಾಯುವ ಅವಧಿ 5 ಸೆಕೆಂಡ್. ‘/ಇಟಿಸಿ/ರಿಸಾಲ್ವ್.ಕಾನ್ಫ್’ನಲ್ಲಿ ಬರೆದ ಕ್ರಮದಲ್ಲೇ ಅದು ಸರ್ವರ್‌ಗಳನ್ನು ಕೇಳುತ್ತದೆ, 3ಕ್ಕಿಂತ ಹೆಚ್ಚು ಬರೆದರೆ ಉಳಿದವನ್ನು ಓದುವುದೇ ಇಲ್ಲ. ಮೊದಲ ಸರ್ವರ್ ಸತ್ತಿದ್ದರೂ ಪ್ರತಿ ಹುಡುಕಾಟವೂ ಅದರ ಬಾಗಿಲು ತಟ್ಟಿ, 5 ಸೆಕೆಂಡ್ ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ಫೈಲಿನಲ್ಲಿರುವ ಪ್ರತಿ ‘ನೇಮ್‌ಸರ್ವರ್’ ಸಾಲಿನ ವಿಳಾಸವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ: ‘ಡಿಗ್ @192.168.1.1 ಎಕ್ಸಾಂಪಲ್.ಕಾಮ್’, ಹೀಗೆ ವಿಳಾಸ ಬದಲಿಸುತ್ತಾ ಹೋಗಿ. ಡಿಗ್‌ನ ಕೊನೆಯ ಸಾಲುಗಳಲ್ಲಿ ‘ಕ್ವೆರಿ ಟೈಮ್’ ಮಿಲಿಸೆಕೆಂಡ್‌ಗಳಲ್ಲಿರುತ್ತದೆ. ಉತ್ತರ ಕೊಡದ ಸಾಲನ್ನು ತೆಗೆಯಿರಿ.

ಎಲ್ಲ ಸರ್ವರ್‌ಗಳೂ ಬೇಗ ಉತ್ತರಿಸಿ, ಡಿಗ್ ಕೂಡ ಚುರುಕಾಗಿದ್ದು, ಬ್ರೌಸರ್ ಅಥವಾ ಎಸ್‌ಎಸ್‌ಎಚ್ ಮಾತ್ರ 5 ಸೆಕೆಂಡ್ ತಡವಾದರೆ ಕಾರಣ ಬೇರೆ. ಪ್ರೋಗ್ರಾಂ ಹೆಸರು ಕೇಳಿದಾಗ ಜಿಲಿಬ್‌ಸಿ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಕಳಿಸುತ್ತದೆ: ಐಪಿವಿ4 ವಿಳಾಸಕ್ಕೆ ‘ಎ’, ಐಪಿವಿ6 ವಿಳಾಸಕ್ಕೆ ‘ನಾಲ್ಕು ಎ’. ಎರಡೂ ಒಂದೇ ಪೋರ್ಟ್‌ನಿಂದ ಹೊರಡುತ್ತವೆ. ಕೆಲವು ಫೈರ್‌ವಾಲ್, ರೂಟರ್‌ಗಳು ಮೊದಲ ಉತ್ತರ ಒಳಬಂದ ಕೂಡಲೇ ಬಾಗಿಲು ಮುಚ್ಚಿ ಎರಡನೆಯ ಉತ್ತರವನ್ನು ಬೀಳಿಸುತ್ತವೆ. ಡಿಗ್ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುವುದರಿಂದ ಅದಕ್ಕೆ ಈ ಏಟು ಬೀಳುವುದಿಲ್ಲ. ರಿಸಾಲ್ವ್.ಕಾನ್ಫ್‌ನಲ್ಲಿ ‘ಆಪ್ಷನ್ಸ್ ಸಿಂಗಲ್-ರಿಕ್ವೆಸ್ಟ್-ರೀಓಪನ್’ ಎಂಬ ಸಾಲು ಸೇರಿಸಿ ನೋಡಿ. ತಡ ಮಾಯವಾದರೆ ತಪ್ಪು ರೂಟರ್‌ನದು ಎಂದು ಸಾಬೀತಾದಂತೆ.

ಡಿಗ್ ಕೂಡ ಹೋಸ್ಟ್ಸ್ ಫೈಲನ್ನು ನೋಡುವುದಿಲ್ಲ ಎಂಬುದು ನೆನಪಿರಲಿ. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಕಾಣುವ ಉತ್ತರ ಬೇಕಾದರೆ ‘ಗೆಟೆಂಟ್ ಎಹೋಸ್ಟ್ಸ್ ಎಕ್ಸಾಂಪಲ್.ಕಾಮ್’ ಬಳಸಿ, ‘ಎಹೋಸ್ಟ್ಸ್’ ಎಂದರೆ ಹೋಸ್ಟ್ಸ್ ಪದದ ಹಿಂದೆ ಒಂದು ಎ.

ಪ್ರಶ್ನೆ: ರಿಸಾಲ್ವ್.ಕಾನ್ಫ್ ತಿದ್ದಿದರೆ ರೀಬೂಟ್ ಆದ ಮೇಲೆ ಹಳೆಯದೇ ಬರುತ್ತದೆ. ಅದರಲ್ಲಿ 127.0.0.53 ಎಂದಷ್ಟೇ ಇದೆ.

ಉತ್ತರ: ಆ ವಿಳಾಸ ನಿಮ್ಮ ಯಂತ್ರದೊಳಗೇ ಓಡುವ ಸಿಸ್ಟಮ್‌ಡಿ-ರಿಸಾಲ್ವ್ಡ್‌ನದು. ಫೈಲ್ ಅದರ ಕೈಯಲ್ಲಿದೆ, ನೀವು ಬರೆದದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ. ನಿಜವಾಗಿ ಯಾವ ಸರ್ವರ್ ಬಳಕೆಯಲ್ಲಿದೆ ಎಂದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಪ್ರತಿ ಅಡಾಪ್ಟರ್‌ಗೂ ಬೇರೆಬೇರೆಯಾಗಿ ತೋರಿಸುತ್ತದೆ. ಬದಲಿಸುವುದಾದರೆ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಬದಲಿಸಿ: ‘ಎನ್‌ಎಂಸಿಎಲ್‌ಐ ಕಾನ್ ಮಾಡ್’, ಸಂಪರ್ಕದ ಹೆಸರು, ‘ಐಪಿವಿ4.ಡಿಎನ್‌ಎಸ್ 9.9.9.9’, ಜೊತೆಗೆ ‘ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್’. ಈ ಕೊನೆಯದನ್ನು ಬಿಟ್ಟರೆ ರೂಟರ್ ಕೊಟ್ಟದ್ದೂ ಪಟ್ಟಿಯಲ್ಲಿ ಉಳಿಯುತ್ತದೆ. ಆಮೇಲೆ ‘ಎನ್‌ಎಂಸಿಎಲ್‌ಐ ಕಾನ್ ಅಪ್’ ಎಂದು ಅದೇ ಸಂಪರ್ಕವನ್ನು ಮತ್ತೆ ಏಳಿಸಿ. ಫೈಲನ್ನು ‘ಚಾಟರ್ +ಐ’ ಹಾಕಿ ಬೀಗ ಹಾಕುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ದಯವಿಟ್ಟು ಮಾಡಬೇಡಿ. ಮುಂದೆ ವಿಪಿಎನ್ ಹಾಕಿದ ದಿನ ಅದು ತನ್ನ ಸರ್ವರ್ ಬರೆಯಲಾಗದೆ ಸೋಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಪ್ರಶ್ನೆ: ಸಂಸ್ಥೆಯ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿ ‘ಎ’ ದಾಖಲೆ ಬದಲಿಸಿದೆ. ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಕಾಣುತ್ತದೆ. ಇನ್ನೊಂದು ಹೊಸ ಉಪಹೆಸರು ಸೇರಿಸಿದೆ, ಅದು ನನಗೊಬ್ಬನಿಗೆ ಮಾತ್ರ ‘ಇಲ್ಲ’ ಎಂದು ಬರುತ್ತದೆ! ಪ್ರಪಂಚಕ್ಕೆಲ್ಲ ಹರಡಲು 48 ಗಂಟೆ ಬೇಕು ಎನ್ನುತ್ತಾರೆ, ನಿಜವೇ?

ಉತ್ತರ: ಹರಡುವುದು ಎಂಬುದೇ ಇಲ್ಲ. ನಿಮ್ಮ ಡೊಮೇನಿನ ಸರ್ವರ್ ಯಾರಿಗೂ ಏನನ್ನೂ ತಳ್ಳಿ ಕಳಿಸುವುದಿಲ್ಲ. ಕೇಳಿದವರಿಗೆ ಉತ್ತರ ಕೊಡುತ್ತದೆ, ಜೊತೆಗೆ ‘ಇದನ್ನು ಇಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು’ ಎಂಬ ಅವಧಿಯನ್ನೂ, ಅಂದರೆ ಟಿಟಿಎಲ್ ಅನ್ನೂ ಕೊಡುತ್ತದೆ. ಹಳೆಯ ದಾಖಲೆಯ ಟಿಟಿಎಲ್ 86400 ಇದ್ದರೆ, ನೀವು ಬದಲಿಸುವ ಒಂದು ನಿಮಿಷ ಮೊದಲು ಕೇಳಿದ ಸರ್ವರ್ ಮುಂದಿನ 24 ಗಂಟೆ ಹಳೆಯದನ್ನೇ ಹೇಳಲು ಹಕ್ಕುಳ್ಳದ್ದು. ಒಂದು ವಾರದಿಂದ ಯಾರೂ ಕೇಳದ ಸರ್ವರ್‌ನಲ್ಲಿ ಹೊಸದು ಆ ಕ್ಷಣವೇ ಕಾಣುತ್ತದೆ. ಡಿಗ್ ಕೊಟ್ಟಾಗ ಹೆಸರಿನ ಪಕ್ಕದಲ್ಲಿರುವ ಅಂಕಿ ನೋಡಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಕೊಡಿ. ಅಂಕಿ ಇಳಿಯುತ್ತಿದ್ದರೆ ನೀವು ನೋಡುತ್ತಿರುವುದು ಕ್ಯಾಶ್‌ನ ಉತ್ತರ. ಅದು ಸೊನ್ನೆಗೆ ಬಂದಾಗ ಹೊಸದನ್ನು ಕೇಳಿ ತರಲಾಗುತ್ತದೆ.

ಆದ್ದರಿಂದ ಸಾಗಾಟದ ಸಿದ್ಧತೆ ಮುಂಚಿತವಾಗಿ ಆಗಬೇಕು. ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಹಳೆಯ ಟಿಟಿಎಲ್‌ನಷ್ಟು ಹೊತ್ತು ಪೂರ್ತಿ ಕಾಯಿರಿ, ಆಮೇಲೆ ವಿಳಾಸ ಬದಲಿಸಿ. ಇಳಿಸಿದ ಕೂಡಲೇ ಬದಲಿಸಿದರೆ ಇಳಿಸಿದ್ದರಿಂದ ಲಾಭವೇನೂ ಇಲ್ಲ. ಎಲ್ಲರೂ ಬಂದು ಸೇರುವವರೆಗೆ ಹಳೆಯ ಸರ್ವರನ್ನು ನಿಲ್ಲಿಸಬೇಡಿ. ಈಗಾಗಲೇ ಬದಲಿಸಿ ಆಗಿರುವುದರಿಂದ ನಿಮ್ಮ ಮುಂದಿರುವ ದಾರಿ ಒಂದೇ: ಹಳೆಯ ಟಿಟಿಎಲ್ ಮುಗಿಯುವವರೆಗೆ ಎರಡೂ ಕಡೆ ಒಂದೇ ಪುಟ ಇರಲಿ.

48 ಗಂಟೆಯ ಮಾತಿಗೆ ಒಂದು ಕಡೆ ಆಧಾರವಿದೆ. ಡೊಮೇನಿನ ನೇಮ್‌ಸರ್ವರ್‌ಗಳನ್ನೇ ಬದಲಿಸಿದಾಗ ಮೇಲಿನ ವಲಯದ ದಾಖಲೆ ಲೆಕ್ಕಕ್ಕೆ ಬರುತ್ತದೆ; .ಕಾಮ್ ವಲಯದಲ್ಲಿ ಅದರ ಟಿಟಿಎಲ್ 172800 ಸೆಕೆಂಡ್, ಸರಿಯಾಗಿ 2 ದಿನ. ಅದನ್ನು ಇಳಿಸುವ ಅಧಿಕಾರ ನಿಮಗಿಲ್ಲ. ಬರೀ ‘ಎ’ ದಾಖಲೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಇನ್ನು ನಿಮಗೊಬ್ಬರಿಗೇ ‘ಇಲ್ಲ’ ಬರುವುದು. ದಾಖಲೆ ಸೇರಿಸುವ ಮೊದಲೇ ನೀವು ಆ ಹೆಸರನ್ನು ಒಮ್ಮೆ ಬ್ರೌಸರ್‌ನಲ್ಲಿ ಕೊಟ್ಟು ನೋಡಿರುತ್ತೀರಿ. ಆಗ ಬಂದ ‘ಇಲ್ಲ’ವೂ ಕ್ಯಾಶ್‌ನಲ್ಲಿ ಕೂರುತ್ತದೆ. 1998ರ ಆರ್‌ಎಫ್‌ಸಿ 2308 ಎಂಬ ಇಂಟರ್ನೆಟ್ ನಿಯಮಪತ್ರದ ಪ್ರಕಾರ ಅದೆಷ್ಟು ಹೊತ್ತು ಎಂಬುದನ್ನು ವಲಯದ ಮೂಲ ಮಾಹಿತಿ ಹೊತ್ತ ಎಸ್‌ಒಎ ದಾಖಲೆ ನಿರ್ಧರಿಸುತ್ತದೆ: ಅದರ ಕೊನೆಯ ಅಂಕಿ ಮತ್ತು ಆ ದಾಖಲೆಯ ಸ್ವಂತ ಟಿಟಿಎಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ‘ಡಿಗ್ ಎಸ್‌ಒಎ’ ಎಂದು ನಿಮ್ಮ ಡೊಮೇನಿನ ಹೆಸರು ಕೊಟ್ಟರೆ ಎರಡೂ ಕಾಣುತ್ತವೆ. ಕೊನೆಯ ಅಂಕಿ 86400 ಇದ್ದರೆ ಅದನ್ನು 300 ಅಥವಾ 900ಕ್ಕೆ ಇಳಿಸಿ. ಮುಂದಿನ ಸಲ ಮೊದಲು ದಾಖಲೆ ಸೇರಿಸಿ, ಆಮೇಲೆ ಹೆಸರು ಹುಡುಕಿ. ಮೊದಲ ಪರೀಕ್ಷೆಯನ್ನೂ ನೇರವಾಗಿ ನಿಮ್ಮ ಡೊಮೇನಿನ ನೇಮ್‌ಸರ್ವರ್‌ಗೇ ಡಿಗ್‌ನ @ ಗುರುತಿನಿಂದ ಕೇಳಿ. ಅಲ್ಲಿ ಸರಿ ಇದ್ದರೆ ಉಳಿದದ್ದು ಕಾಯುವ ಕೆಲಸ ಮಾತ್ರ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿ ಮನೆಯ ಡಿಎನ್‌ಎಸ್ ಸರ್ವರ್ ಆಗಿ ಅನ್‌ಬೌಂಡ್ ಓಡಿಸುತ್ತಿದ್ದೇನೆ. ಕರೆಂಟ್ ಹೋಗಿ ಬಂದರೆ ಎಷ್ಟೋ ಹೆಸರುಗಳಿಗೆ ಸರ್ವ್‌ಫೇಲ್. ಇನ್ನು ಕೆಲವು ಸೈಟುಗಳು ಮಾತ್ರ ಸರಿಯಾಗಿ ಬರುತ್ತವೆ.

ಉತ್ತರ: ಮೊದಲು ‘ಡೇಟ್’ ಎಂದು ಕೊಟ್ಟು ಯಂತ್ರದ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹಾರುತ್ತದೆ. ಡಿಎನ್‌ಎಸ್‌ಸೆಕ್ ಸಹಿಗಳಿಗೆ, ಅಂದರೆ ಉತ್ತರ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿಗಳಿಗೆ, ಶುರು ಮತ್ತು ಕೊನೆ ಎಂಬ ಎರಡು ಕಾಲಮಿತಿ ಇವೆ. ನಿಮ್ಮ ಯಂತ್ರದ ಲೆಕ್ಕದಲ್ಲಿ ಇವತ್ತಿನ ಸಹಿ ಇನ್ನೂ ಶುರುವೇ ಆಗಿಲ್ಲ. ಅನ್‌ಬೌಂಡ್ ಅದನ್ನು ಸುಳ್ಳು ಸಹಿ ಎಂದು ತಿರಸ್ಕರಿಸಿ ಸರ್ವ್‌ಫೇಲ್ ಕೊಡುತ್ತದೆ. ಕೆಲವು ಸೈಟುಗಳು ಆಗಲೂ ಸಿಗುವುದಕ್ಕೆ ಕಾರಣ ನಿಮ್ಮ ಬ್ರೌಸರ್‌ನ ಹಳೆಯ ಕ್ಯಾಶ್ ಇರಬಹುದು.

ಖಚಿತಪಡಿಸಿಕೊಳ್ಳಲು ‘ಡಿಗ್ +ಸಿಡಿ’ ಎಂದು ಸೇರಿಸಿ ಅದೇ ಹೆಸರು ಕೇಳಿ. ಸಹಿ ನೋಡಬೇಡ ಎಂದು ಹೇಳುವ ಗುರುತು ಅದು. +ಸಿಡಿ ಇದ್ದಾಗ ಉತ್ತರ ಬಂದು ಇಲ್ಲದಾಗ ಸರ್ವ್‌ಫೇಲ್ ಆದರೆ ತೊಂದರೆ ಸಹಿಯದೇ. ಎಲ್ಲ ಹೆಸರಿಗೂ ಹಾಗಾದರೆ ನಿಮ್ಮ ಗಡಿಯಾರ. ಒಂದೇ ಡೊಮೇನಿಗೆ ಆದರೆ ಆ ಡೊಮೇನಿನವರು ಸಹಿಯನ್ನು ಸಮಯಕ್ಕೆ ನವೀಕರಿಸಿಲ್ಲ, ನೀವು ಮಾಡುವಂಥದ್ದೇನೂ ಇಲ್ಲ.

ಇಲ್ಲೊಂದು ಸಿಕ್ಕು ಇದೆ. ಗಡಿಯಾರ ತಿದ್ದಲು ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಬೇಕು, ಅದರ ಹೆಸರು ಹುಡುಕಲು ಡಿಎನ್‌ಎಸ್ ಬೇಕು, ಡಿಎನ್‌ಎಸ್‌ಗೆ ಸರಿಯಾದ ಗಡಿಯಾರ ಬೇಕು. ಬ್ಯಾಟರಿ ಬದಲಿಸುವುದೇ ನೇರ ಪರಿಹಾರ. ಬ್ಯಾಟರಿ ಗಡಿಯಾರವೇ ಇಲ್ಲದ ಸಣ್ಣ ಬೋರ್ಡ್‌ಗಳಲ್ಲಿ, ಉದಾಹರಣೆಗೆ ರಾಸ್ಪ್‌ಬೆರಿ ಪೈ 4ರಲ್ಲಿ, ಎನ್‌ಟಿಪಿಗೆ ಒಂದಾದರೂ ಅಂಕಿ ವಿಳಾಸ ಕೊಡಿ; ಮನೆಯ ರೂಟರ್ ಎನ್‌ಟಿಪಿ ಕೊಡುತ್ತಿದ್ದರೆ ಅದರದ್ದೇ ಸಾಕು. ಬೇಸರಪಟ್ಟು ಡಿಎನ್‌ಎಸ್‌ಸೆಕ್ ಪರೀಕ್ಷೆಯನ್ನೇ ಆರಿಸಿಬಿಡುವುದು ನಮಗೆ ಒಪ್ಪಿಗೆಯಿಲ್ಲ. ಸುಳ್ಳು ಉತ್ತರ ಹಿಡಿಯಲೆಂದೇ ಅದನ್ನು ಹಾಕಿರುವುದು.

ಪ್ರಶ್ನೆ: ಮನೆಯಿಂದ ವಿಪಿಎನ್ ಹಾಕಿದಾಗ ಕಚೇರಿಯ ಒಳ ಸೈಟು ಎಡ್ಜ್‌ನಲ್ಲಿ ತೆರೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ತೆರೆಯುವುದಿಲ್ಲ.

ಉತ್ತರ: ಫೈರ್‌ಫಾಕ್ಸ್ ಹೆಸರನ್ನು ಎಚ್‌ಟಿಟಿಪಿಎಸ್ ಮೂಲಕ, ಪೋರ್ಟ್ 443ರಲ್ಲಿ, ಹೊರಗಿನ ಡಿಎನ್‌ಎಸ್ ಸೇವೆಯೊಂದಕ್ಕೆ ಕೇಳುತ್ತಿದೆ. ವಿಪಿಎನ್ ಕೊಟ್ಟ ಸರ್ವರ್‌ಗೆ ಆ ಪ್ರಶ್ನೆ ಹೋಗುವುದೇ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್’ ಹುಡುಕಿ, ವಿನಾಯಿತಿ ಪಟ್ಟಿಗೆ ಕಚೇರಿಯ ಡೊಮೇನ್ ಸೇರಿಸಿ. ಪೂರ್ತಿ ಆರಿಸುವುದಕ್ಕಿಂತ ಇದು ಮೇಲು. ಫೋನಿನಲ್ಲೂ ಇದೇ ಆದರೆ ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಹೆಸರು ಬರೆದಿದ್ದೀರಾ ನೋಡಿ. ಅದು ಸಾಮಾನ್ಯವಾಗಿ ಪೋರ್ಟ್ 853 ಬಳಸುತ್ತದೆ. ಆ ಪೋರ್ಟ್ ಮುಚ್ಚಿದ ನೆಟ್‌ವರ್ಕ್‌ನಲ್ಲಿ ಫೋನಿಗೆ ಒಂದು ಹೆಸರೂ ಸಿಗದಿರಬಹುದು. ‘ಆಟೊಮ್ಯಾಟಿಕ್’ಗೆ ಹಾಕಿ.

ಪ್ರಶ್ನೆ: ಪ್ರಿಂಟರ್‌ನ ‘.ಲೋಕಲ್’ ಹೆಸರು ಒಂದು ಕೋಣೆಯಲ್ಲಿ ಸಿಗುತ್ತದೆ, ಅತಿಥಿ ವೈಫೈಯಲ್ಲಿ ಸಿಗುವುದಿಲ್ಲ.

ಉತ್ತರ: .ಲೋಕಲ್ ಹೆಸರುಗಳು ಡಿಎನ್‌ಎಸ್ ಸರ್ವರ್‌ಗೆ ಹೋಗುವುದಿಲ್ಲ. ಕಂಪ್ಯೂಟರ್ 224.0.0.251 ವಿಳಾಸಕ್ಕೆ, ಯುಡಿಪಿ ಪೋರ್ಟ್ 5353ರಲ್ಲಿ, ‘ಈ ಹೆಸರಿನವರು ಯಾರು’ ಎಂದು ಎಲ್ಲರಿಗೂ ಕೂಗಿ ಕೇಳುತ್ತದೆ; ಪ್ರಿಂಟರ್ ತಾನೇ ಉತ್ತರಿಸುತ್ತದೆ. ಆ ಕೂಗು ರೂಟರ್ ದಾಟುವುದಿಲ್ಲ, ಅತಿಥಿ ವೈಫೈಯಲ್ಲಂತೂ ಅದನ್ನು ಬೇಕೆಂದೇ ತಡೆದಿರುತ್ತಾರೆ. ಮುಖ್ಯ ನೆಟ್‌ವರ್ಕ್‌ಗೆ ಸೇರಿ, ಅಥವಾ ಪ್ರಿಂಟರ್‌ಗೆ ಸ್ಥಿರ ಅಂಕಿ ವಿಳಾಸ ಕೊಡಿ.

ಪ್ರಶ್ನೆ: ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೂ ಒಂದು ಜಾಹೀರಾತು ಪುಟ ತೆರೆಯುತ್ತದೆ. ಮನೆಯ ಎಲ್ಲ ಸಾಧನಗಳಲ್ಲೂ ಹೀಗೇ.

ಉತ್ತರ: ಎಲ್ಲ ಸಾಧನಗಳಲ್ಲೂ ಎಂದರೆ ರೂಟರ್ ನೋಡಬೇಕು. ಅರ್ಥವಿಲ್ಲದ ಹತ್ತಾರು ಅಕ್ಷರ ಒತ್ತಿ ಕೊನೆಗೆ .ಕಾಮ್ ಸೇರಿಸಿ ಎನ್‌ಎಸ್‌ಲುಕಪ್ ಕೊಡಿ. ಎನ್‌ಎಕ್ಸ್‌ಡೊಮೇನ್ ಬರಬೇಕಾದಲ್ಲಿ ವಿಳಾಸ ಬಂದರೆ ನಿಮ್ಮ ಡಿಎನ್‌ಎಸ್ ಸರ್ವರ್ ಸುಳ್ಳು ಹೇಳುತ್ತಿದೆ. ಕೆಲವು ಇಂಟರ್ನೆಟ್ ಸೇವೆಯವರೇ ಇದನ್ನು ಮಾಡುತ್ತಾರೆ, ಅದನ್ನು ನಿಲ್ಲಿಸುವಂತೆ ಅವರನ್ನು ಕೇಳಬಹುದು. ರೂಟರ್‌ನ ವ್ಯಾನ್ (ಹೊರ ಸಂಪರ್ಕದ) ಪುಟದಲ್ಲಿ ಡಿಎನ್‌ಎಸ್ ‘ಆಟೋ’ ಬದಲು ಕೈಯಾರೆ ಬರೆದಿದ್ದು, ಆ ವಿಳಾಸ ನೀವು ಹಾಕಿದ್ದಲ್ಲವಾದರೆ ಮಾತ್ರ ಗಂಭೀರ: ಯಾರೋ ಒಳಗೆ ಬಂದು ಬದಲಿಸಿದ್ದಾರೆ. ರೂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದು ಮಾಡಿ, ಹೊರಗಿನಿಂದ ಆಡಳಿತ ಪುಟ ತೆರೆಯುವ ಸೌಲಭ್ಯ ಮುಚ್ಚಿ. ಆ ದಿನಗಳಲ್ಲಿ ಬಳಸಿದ ಮುಖ್ಯ ಪಾಸ್‌ವರ್ಡ್‌ಗಳನ್ನೂ ಬದಲಿಸಿ.

ಇದು ಸಣ್ಣ ವಿಷಯವಲ್ಲ. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್ ಹೀಗೆಯೇ ಲಕ್ಷಾಂತರ ಕಂಪ್ಯೂಟರ್‌ಗಳನ್ನು ವಂಚಕರ ಸರ್ವರ್‌ಗಳಿಗೆ ತಿರುಗಿಸಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಹಿಡಿದ ಮೇಲೆ ಸೋಂಕಿತರ ಸಂಪರ್ಕ ಒಮ್ಮೆಲೇ ತಪ್ಪದಿರಲೆಂದು ಬದಲಿ ಸರ್ವರ್‌ಗಳನ್ನು ಇಡಲಾಗಿತ್ತು. 2012ರ ಜುಲೈ 9ರಂದು ಅವನ್ನು ನಿಲ್ಲಿಸಿದಾಗ, ಇನ್ನೂ ಸ್ವಚ್ಛವಾಗದ ಯಂತ್ರಗಳಿಗೆ ಹೆಸರು ಹುಡುಕುವ ದಾರಿಯೇ ಇಲ್ಲವಾಯಿತು.

ಪ್ರಶ್ನೆ: ಫೈರ್‌ವಾಲ್‌ನಲ್ಲಿ ಡಿಎನ್‌ಎಸ್‌ಗೆಂದು ಯುಡಿಪಿ 53 ತೆರೆದಿದ್ದೇನೆ. ಬಹುತೇಕ ಎಲ್ಲ ಸರಿ, ಕೆಲವು ಡೊಮೇನ್‌ಗಳ ಟಿಎಕ್ಸ್‌ಟಿ (ಪಠ್ಯ) ದಾಖಲೆ ಮಾತ್ರ ಬರುವುದಿಲ್ಲ.

ಉತ್ತರ: ಟಿಸಿಪಿ 53 ಕೂಡ ತೆರೆಯಿರಿ. ಯುಡಿಪಿ, ಟಿಸಿಪಿ ಎರಡೂ ಡೇಟಾ ಸಾಗಿಸುವ ವಿಧಾನಗಳು, ಡಿಎನ್‌ಎಸ್‌ಗೆ ಎರಡೂ ಬೇಕು. 1987ರ ಮೂಲ ನಿಯಮದಲ್ಲಿ ಯುಡಿಪಿ ಉತ್ತರಕ್ಕೆ 512 ಬೈಟ್ ಮಿತಿ ಇತ್ತು. ಈಗ ಇಡಿಎನ್‌ಎಸ್ ವಿಸ್ತರಣೆಯಿಂದ ದೊಡ್ಡ ಉತ್ತರ ಸಾಧ್ಯವಾದರೂ, ಪ್ಯಾಕೆಟ್ ಒಡೆಯದಿರಲೆಂದು 1232 ಬೈಟ್‌ಗೆ ನಿಲ್ಲಿಸುವುದು ವಾಡಿಕೆ. ಉತ್ತರ ಅದಕ್ಕಿಂತ ದೊಡ್ಡದಾದರೆ ಸರ್ವರ್ ‘ಕತ್ತರಿಸಿದೆ’ ಎಂಬ ಗುರುತು ಹಾಕಿ ಕಳಿಸುತ್ತದೆ, ಕೇಳಿದವರು ಟಿಸಿಪಿಯಲ್ಲಿ ಮತ್ತೆ ಕೇಳಬೇಕು. ನಿಮ್ಮ ಫೈರ್‌ವಾಲ್ ಅಲ್ಲಿ ಬಾಗಿಲು ಹಾಕಿದೆ. ಉದ್ದನೆಯ ಟಿಎಕ್ಸ್‌ಟಿ ಮತ್ತು ಡಿಎನ್‌ಎಸ್‌ಸೆಕ್ ಉತ್ತರಗಳಿಗೇ ಮೊದಲು ಏಟು ಬೀಳುತ್ತದೆ, ಟಿಎಕ್ಸ್‌ಟಿ ನಿಂತರೆ ಮೇಲ್ ಪರಿಶೀಲನೆಯೂ ಕೆಡುತ್ತದೆ. ‘ಡಿಗ್ +ಟಿಸಿಪಿ @8.8.8.8 ಎಕ್ಸಾಂಪಲ್.ಕಾಮ್’ ಕೊಟ್ಟಾಗ ಉತ್ತರ ಬಂದರೆ ದಾರಿ ತೆರೆದಿದೆ. ಕಂಟೇನರ್‌ಗಳಲ್ಲಿ ಆಲ್ಪೈನ್ ಲಿನಕ್ಸ್ ಬಳಸುವವರು ಇನ್ನೊಂದನ್ನೂ ನೋಡಿ: ಅದರ ಮಸ್ಲ್ ಲೈಬ್ರರಿ ಟಿಸಿಪಿಯಲ್ಲಿ ಮರಳಿ ಕೇಳಲು ಕಲಿತದ್ದು 2023ರ 1.2.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಇಮೇಜ್ ಇದ್ದರೆ ಫೈರ್‌ವಾಲ್ ತೆರೆದರೂ ಪ್ರಯೋಜನವಿಲ್ಲ, ಇಮೇಜನ್ನೇ ಬದಲಿಸಬೇಕು.